ಕುಂಟುವ ನಾಯಿಯೂ ಶ್ರಾವಕನ ಐದು ಅತಿಚಾರಗಳೂ

ಕಳೆದ ದಶಲಕ್ಷಣ ಪರ್ವದ ಒಂದು ಸಂಜೆ ಬಸದಿಯಲ್ಲಿ ಸ್ವಾಧ್ಯಾಯ ಮುಗಿದು ಎಲ್ಲರೂ ಏಳುತ್ತಿದ್ದಾಗ ನಮ್ಮ ಸಮಾಜದ ಗೃಹಸ್ಥರೊಬ್ಬರು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಮನೆಯ ಲ್ಯಾಬ್ರಡಾರ್ ನಾಯಿ ಒಂದು ಹಿಂಗಾಲನ್ನು ನೆಲಕ್ಕೂರದೆ ಕುಂಟತೊಡಗಿ ಮೂರು ವಾರಗಳಾಗಿದ್ದವು. ಮೊಣಕಾಲಿನೊಳಗಿನ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವ ಅಸ್ಥಿರಜ್ಜು, ಹರಿದಿದೆಯೆಂದು ಪಶುವೈದ್ಯರು ತಿಳಿಸಿ, ಮೂಳೆಯನ್ನು ಕೊಯ್ದು ಲೋಹದ ಪಟ್ಟಿ ಕೂಡಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದರು. ಮನೆಯಲ್ಲಿ ಅಭಿಪ್ರಾಯಗಳು ಬೇರೆ ಬೇರೆಯಾದವು. ಚಿಕಿತ್ಸೆ ಆಗಲೇಬೇಕೆಂದು ಮಗ ಹಟ ಹಿಡಿದ. ಮೂಕಪ್ರಾಣಿಯ ಮೂಳೆ ಕೊಯ್ಯಿಸುವುದು ಹಿಂಸೆ, ಅದರ ಕರ್ಮವನ್ನು ಅದು ಅನುಭವಿಸಲಿ, ನಾವು ಅನ್ನ ಹಾಕಿ ನೋಡಿಕೊಳ್ಳೋಣ ಎಂದು ಮನೆಯ ಹಿರಿಯ ತಾಯಿಯವರು ಹೇಳಿದರು. ಇಷ್ಟು ನರಳಿಸುವುದಕ್ಕಿಂತ ಒಂದು ಚುಚ್ಚುಮದ್ದಿನಿಂದ ಮುಗಿಸುವುದೇ ದಯೆಯೆಂದು ನೆರೆಯವರೊಬ್ಬರು ಸಲಹೆಯಿತ್ತರು. ಇವುಗಳಲ್ಲಿ ಶ್ರಾವಕನಿಗೆ ಯಾವುದು ಯೋಗ್ಯ ಎಂಬುದು ಪ್ರಶ್ನೆ.

ನಾನು ವೈದ್ಯನಲ್ಲ, ವ್ಯಾಪಾರದ ಬಿಡುವಿನಲ್ಲಿ ಗ್ರಂಥಗಳನ್ನು ಓದಿಕೊಂಡವನು. ಅಂದು ತಕ್ಷಣ ಉತ್ತರಿಸಲಾಗಲಿಲ್ಲ. ಅನಂತರ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ಆಶ್ರಯದ ಪರಂಪರೆ

ಕುಂಟ ನಾಯಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ನಮ್ಮ ಸಮಾಜಕ್ಕೆ ಹೊಸದಲ್ಲ. 1580ರ ದಶಕದಲ್ಲಿ ಭಾರತಕ್ಕೆ ಬಂದ ಆಂಗ್ಲ ವರ್ತಕ ರಾಲ್ಫ್ ಫಿಚ್ ಗುಜರಾತಿನ ಖಂಭಾತ್ ಬಂದರಿನ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಅಲ್ಲಿ ಕುಂಟ ನಾಯಿ, ಬೆಕ್ಕುಗಳಿಗೂ ಹಕ್ಕಿಗಳಿಗೂ ಆಸ್ಪತ್ರೆಗಳಿದ್ದವು. 1623ರಲ್ಲಿ ಅದೇ ಊರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯೂ ನೊಂದ ಹಕ್ಕಿಗಳ ಆಸ್ಪತ್ರೆಯನ್ನು ಕಂಡು ದಾಖಲಿಸಿದ್ದಾನೆ. ಇವೇ ಮುಂದೆ ಪಿಂಜರಾಪೋಳ್ ಎಂದು ಹೆಸರಾದ ಸಂಸ್ಥೆಗಳ ಪೂರ್ವರೂಪ.

ನಾಯಿಗಳ ವಿಷಯದಲ್ಲಿ ಮುಂಬಯಿಯ ಕಥೆ ವಿಶೇಷವಾಗಿ ಸ್ಮರಣೀಯ. ಅಲ್ಲಿನ ಬ್ರಿಟಿಷ್ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸುತ್ತಿತ್ತು; ಕೊಂದ ನಾಯಿಗೆ ಇಷ್ಟೆಂದು ಹಣ ಸಲ್ಲುತ್ತಿತ್ತು. 1832ರ ಜೂನ್ ತಿಂಗಳಲ್ಲಿ ಪಾರಸಿಗಳು ಮುಂದಾಗಿ ಪ್ರತಿಭಟಿಸಿದರು. ಹಿಂದೂಗಳೂ ಜೈನರೂ ಜೊತೆಗೂಡಿದರು, ಪಟ್ಟಣದ ವ್ಯಾಪಾರವೇ ಸ್ತಬ್ಧವಾಯಿತು. ಎರಡು ವರ್ಷಗಳ ಬಳಿಕ, 1834ರಲ್ಲಿ, ಪಾರಸಿ ವರ್ತಕ ಜಮ್‌ಶೆಟ್‌ಜಿ ಜೀಜೀಭಾಯ್ ಅವರೂ ನಮ್ಮ ಸಮಾಜದ ಸೇಠ್ ಮೋತಿಚಂದ್ ಅಮೀಚಂದರೂ ಮೊದಲಾದವರು ಕೂಡಿ ಮುಂಬಯಿ ಪಿಂಜರಾಪೋಳನ್ನು ಸ್ಥಾಪಿಸಿದರು. ಅದರ ವೆಚ್ಚಕ್ಕಾಗಿ ವರ್ತಕರು ತಮ್ಮ ಸರಕಿನ ಮೇಲೆ ತಾವೇ ಲಾಗಾ ಹಾಕಿಕೊಂಡರು. ಸರಕಾರ ಬೇಡವೆಂದ ಜೀವಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಖಾತೆಯನ್ನು ತೆರೆದ ಆ ಹಿರಿಯರನ್ನು ವರ್ತಕನಾದ ನಾನು ಗೌರವದಿಂದ ನೆನೆಯುತ್ತೇನೆ.

ಆದರೂ ಒಂದು ಸತ್ಯವನ್ನು ಒಪ್ಪಬೇಕು. ಪಿಂಜರಾಪೋಳುಗಳು ಬಹುಕಾಲ ಆಶ್ರಯವನ್ನು ಕೊಟ್ಟವೇ ಹೊರತು ಚಿಕಿತ್ಸೆಯನ್ನು ಅಷ್ಟಾಗಿ ಕೊಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ಬರಹಗಾರರು ಇದನ್ನೇ ಹಿಡಿದು ಟೀಕಿಸಿದ್ದುಂಟು. ಅವರ ಮಾತಿನಲ್ಲಿ ತಿರಸ್ಕಾರ ಬೆರೆತಿದ್ದರೂ ಪ್ರಶ್ನೆ ಪೂರ್ತಿ ಸುಳ್ಳಲ್ಲ. ಅದಕ್ಕೆ ಉತ್ತರವೂ ಮುಂಬಯಿಯಲ್ಲೇ ಹುಟ್ಟಿತು. 1880ರ ದಶಕದಲ್ಲಿ ದಿನ್ಷಾ ಮಾಣೇಕ್‌ಜಿ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ ಎದ್ದಿತು; 1886ರಲ್ಲಿ ಅದರ ಆವರಣದಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಮೊದಲು ಪ್ರಾಣವನ್ನು ಉಳಿಸುವುದು, ಆ ಬಳಿಕ ನೋವನ್ನು ಕಳೆಯುವುದು: ದಯೆಯ ಇತಿಹಾಸ ನಡೆದ ದಾರಿ ಇದು.

ನಮ್ಮ ನಾಡಿನ ಜೈನರು ವೈದ್ಯವನ್ನು ಧರ್ಮಕ್ಕೆ ಹೊರತೆಂದು ಎಂದೂ ಎಣಿಸಲಿಲ್ಲ. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳ ಸೋಂಕಿಲ್ಲದ ಔಷಧಗಳಿಂದಲೇ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸೋದರನೂ ಜಿನಭಕ್ತನೂ ಆದ ಕೀರ್ತಿವರ್ಮ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ದನಕರುಗಳ ರೋಗಗಳ ಕುರಿತು ಕನ್ನಡದಲ್ಲಿಯೇ ಗೋವೈದ್ಯವನ್ನು ಬರೆದನು. ಅರಸುಮಗನೊಬ್ಬ ಹಸುವಿನ ರೋಗಕ್ಕೆ ಮದ್ದು ಬರೆದ ನಾಡಿನಲ್ಲಿ, ನಾಯಿಯ ಮೊಣಕಾಲಿನ ಬಗ್ಗೆ ವಿಚಾರಮಾಡುವುದು ಶ್ರಾವಕನಿಗೆ ಸಣ್ಣ ಮಾತಲ್ಲ.

ಮೊಣಕಾಲಿನೊಳಗೆ ನಡೆಯುವುದೇನು

ನಾಯಿಯ ಹಿಂಗಾಲಿನ ಮೊಣಕಾಲಿನಲ್ಲಿ ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಎರಡು ಅಸ್ಥಿರಜ್ಜುಗಳು ಕತ್ತರಿಯಾಕಾರದಲ್ಲಿ ಬಿಗಿದಿವೆ. ಮುಂದಿನದು ಕೆಳಮೂಳೆ ಮುಂದಕ್ಕೆ ಜಾರದಂತೆ ತಡೆಯುತ್ತದೆ. ಕೆಳಮೂಳೆಯ ಮೇಲ್ತುದಿ ಸಮತಟ್ಟಾಗಿಲ್ಲ. ಹಿಂದಕ್ಕೆ ಸುಮಾರು 25 ಡಿಗ್ರಿಗಳಷ್ಟು ಇಳಿಜಾರಾಗಿರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಚಕ್ರಕ್ಕೆ ಕೊಟ್ಟ ಕಲ್ಲಿನಂತೆ ಈ ರಜ್ಜು ಕೆಲಸ ಮಾಡುತ್ತದೆ. ಕಲ್ಲು ತೆಗೆದರೆ ಗಾಡಿ ಜಾರುವಂತೆ, ರಜ್ಜು ಹರಿದಾಗ ಪ್ರತಿ ಹೆಜ್ಜೆಗೂ ಮೂಳೆ ಜಾರುತ್ತದೆ. ನಡುವೆ ಇರುವ ಮೃದ್ವಸ್ಥಿಯ ದಿಂಬೂ ಎಷ್ಟೋ ವೇಳೆ ಸಿಕ್ಕಿ ಹರಿಯುತ್ತದೆ. ಕ್ರಮೇಣ ಕೀಲು ಸವೆದು ಸಂಧಿವಾತ ನೆಲೆಸುತ್ತದೆ.

ಮನುಷ್ಯನಿಗೆ ಈ ಪೆಟ್ಟು ಸಾಮಾನ್ಯವಾಗಿ ಆಟದಲ್ಲಿ ಒಮ್ಮೆಲೇ ಆಗುವಂಥದು. ನಾಯಿಯಲ್ಲಿ ಹೆಚ್ಚಾಗಿ ಹಾಗಲ್ಲ. ಹಳೆಯ ಹಗ್ಗದಂತೆ ರಜ್ಜು ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆದು, ಒಂದು ದಿನ ಮೆಟ್ಟಿಲಿಳಿಯುವಾಗಲೋ ಚಿಕ್ಕ ನೆಗೆತದಲ್ಲೋ ಹರಿಯುತ್ತದೆ. ಆದುದರಿಂದಲೇ ಒಂದು ಕಾಲು ಕೆಟ್ಟ ನಾಯಿಗಳಲ್ಲಿ ಮೂರರಲ್ಲಿ ಒಂದಕ್ಕಾದರೂ, ಕೆಲವು ಎಣಿಕೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ, ಮುಂದೆ ಇನ್ನೊಂದು ಕಾಲೂ ಕೆಡುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ರಜ್ಜು ಕಾಣುವುದಿಲ್ಲ. ಕೀಲಿನ ನೀರು, ಸವೆತಗಳಷ್ಟೇ ಕಾಣುತ್ತವೆ. ರೋಗವನ್ನು ನಿಶ್ಚಯಿಸುವುದರಲ್ಲಿ ವೈದ್ಯರ ಕೈಯ ಪರೀಕ್ಷೆಯೇ ಮುಖ್ಯ.

ಚಿಕಿತ್ಸೆಯ ಎಪ್ಪತ್ತು ವರ್ಷಗಳು

ಈ ರೋಗಕ್ಕೆ ಶಸ್ತ್ರಚಿಕಿತ್ಸೆಯ ಮಾರ್ಗವನ್ನು ವ್ಯವಸ್ಥಿತವಾಗಿ ತೋರಿಸಿದವರು ಫಿನ್ಲೆಂಡಿನ ಸಾಕಿ ಪಾತ್ಸಾಮ. 1952ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ನಾಯಿಯ ತೊಡೆಯ ಹೊದಿಕೆಯಿಂದಲೇ ಒಂದು ಪಟ್ಟಿಯನ್ನು ತೆಗೆದು ಮೂಳೆಗೆ ಕೊರೆದ ರಂಧ್ರಗಳ ಮೂಲಕ ಹಾಯಿಸಿ ಹೊಸ ರಜ್ಜುವಾಗಿಸುವ ಕ್ರಮವಿದೆ. 1970ರ ವೇಳೆಗೆ ಕೀಲಿನ ಹೊರಬದಿಯಲ್ಲಿ ಬಲವಾದ ಹೊಲಿಗೆ ಹಾಕಿ ಮೂಳೆ ಜಾರದಂತೆ ಬಿಗಿಯುವ ವಿಧಾನ ಬಂತು. ಮುಂದೆ ಇದಕ್ಕೆ ದಪ್ಪ ನೈಲಾನ್ ಎಳೆ ಬಳಕೆಗೆ ಬಂದು, ಈ ವಿಧಾನ ಇಂದಿಗೂ ಪ್ರಚಾರದಲ್ಲಿದೆ.

ದೊಡ್ಡ ತಿರುವನ್ನು ತಂದವರು ಅಮೆರಿಕದ ಆರೆಗನ್ ರಾಜ್ಯದ ಬಾರ್ಕ್ಲೆ ಸ್ಲೋಕಮ್. ಹರಿದ ಹಗ್ಗವನ್ನು ಮತ್ತೆ ಕಟ್ಟುವ ಬದಲು ಇಳಿಜಾರನ್ನೇ ತಿದ್ದಬಾರದೇಕೆ ಎಂದು ಅವರು ಯೋಚಿಸಿದರು. 1984ರಲ್ಲಿ ಕೆಳಮೂಳೆಯಿಂದ ಬೆಣೆಯಾಕಾರದ ತುಂಡನ್ನು ತೆಗೆಯುವ ವಿಧಾನವನ್ನೂ, 1993ರಲ್ಲಿ ಮೂಳೆಯ ಮೇಲ್ತುದಿಯನ್ನು ವೃತ್ತಾಕಾರವಾಗಿ ಕೊಯ್ದು ಹೆಚ್ಚುಕಡಿಮೆ ಸಮತಟ್ಟಾಗುವಂತೆ ತಿರುಗಿಸಿ ಪಟ್ಟಿಯಿಂದ ಬಿಗಿಯುವ ವಿಧಾನವನ್ನೂ ಪ್ರಕಟಿಸಿದರು. ಎರಡನೆಯದೇ ಇಂದು ಟಿಪಿಎಲ್‌ಒ ಎಂದು ಹೆಸರಾಗಿದೆ. 2002ರಲ್ಲಿ ಜ್ಯೂರಿಕ್ಕಿನ ತಜ್ಞರು ಟಿಟಿಎ ಎಂಬ ಇನ್ನೊಂದು ಕ್ರಮವನ್ನು ಸೇರಿಸಿದರು.

ಕೊಯ್ಯದೆ ನೋಡಿಕೊಂಡರೆ ಏನಾಗುತ್ತದೆಂಬುದನ್ನೂ ಅಳೆದು ನೋಡಿದ್ದಾರೆ. 1984ರಲ್ಲಿ ಪ್ರಕಟವಾದ ವ್ಯಾಸ್ಯೂರ್ ಎಂಬ ತಜ್ಞರ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಉಳಿದ 85 ನಾಯಿಗಳ ಲೆಕ್ಕವಿದೆ. 15 ಕಿಲೋಗ್ರಾಂಗಿಂತ ಕಡಿಮೆ ತೂಕದ 28 ನಾಯಿಗಳಲ್ಲಿ 24 ಮೊದಲಿನಂತಾದವು ಅಥವಾ ಸುಧಾರಿಸಿದವು. ಅದಕ್ಕಿಂತ ಭಾರವಾದ 57ರಲ್ಲಿ ಹಾಗಾದವು 11 ಮಾತ್ರ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ತೂಕ ಹೆಚ್ಚಾದ 40 ದೊಡ್ಡ ನಾಯಿಗಳನ್ನು ಎರಡು ಗುಂಪು ಮಾಡಿ, ಎರಡಕ್ಕೂ ತೂಕ ಇಳಿಸುವ ಪಥ್ಯ, ನೋವಿನ ಔಷಧ, ವ್ಯಾಯಾಮಗಳನ್ನು ಕೊಟ್ಟು, ಒಂದು ಗುಂಪಿಗೆ ಮಾತ್ರ ಟಿಪಿಎಲ್‌ಒ ಮಾಡಿದರು. ಒಂದು ವರ್ಷದ ಬಳಿಕ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲೂ, ಆಗದವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲೂ ತೃಪ್ತಿಕರ ಸ್ಥಿತಿಯಲ್ಲಿದ್ದವು. ಕಾಲಿನ ಮೇಲೆ ಹಾಕುವ ಭಾರವನ್ನು ಅಳೆದಾಗ ಶಸ್ತ್ರಚಿಕಿತ್ಸೆಯಾದವೇ ಮೇಲಾಗಿದ್ದವು.

ಈ ಅಂಕಿಗಳಿಂದ ನಾನು ತಿಳಿದುಕೊಂಡದ್ದಿಷ್ಟು. ಚಿಕ್ಕ ನಾಯಿಗೆ ಮೊದಲು ಶಿಸ್ತಿನ ವಿಶ್ರಾಂತಿಯನ್ನು ಕೊಟ್ಟು ನೋಡುವುದು ನ್ಯಾಯ. ದೊಡ್ಡ, ಚುರುಕಾದ ನಾಯಿಗೆ ಶಸ್ತ್ರಚಿಕಿತ್ಸೆಯೇ ಮೇಲು. ಆದರೆ ಯಾವ ವಿಧಾನವೂ ಹುಟ್ಟಿದಾಗಿನ ಮೊಣಕಾಲನ್ನು ಮರಳಿ ಕೊಡಲಾರದು. ಅಲ್ಲದೆ ಸುಮ್ಮನೆ ಬಿಡುವುದು ಬೇರೆ, ಕೊಯ್ಯದೆ ಚಿಕಿತ್ಸೆ ಮಾಡುವುದು ಬೇರೆ.

ಐದು ಅತಿಚಾರಗಳ ಒರೆಗಲ್ಲು

ಈಗ ಶಾಸ್ತ್ರದ ಮಾತಿಗೆ ಬರೋಣ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನನೀರು ತಡೆಯುವುದು. ವೈದ್ಯರ ಸಲಹೆಯನ್ನು ಇದರ ಪಕ್ಕದಲ್ಲಿಟ್ಟಾಗ ನಾನು ಬೆಚ್ಚಿದೆ. ನಾಯಿಯನ್ನು ವಾರಗಟ್ಟಲೆ ಚಿಕ್ಕ ಜಾಗದಲ್ಲಿ ಕೂಡಿಹಾಕಿ ಎಂದಿದ್ದಾರೆ, ಅದು ಬಂಧ. ಮೂಳೆ ಕೊಯ್ಯಬೇಕೆಂದಿದ್ದಾರೆ, ಅದು ಛೇದ. ಆಹಾರ ಕಡಿಮೆ ಮಾಡಿ ಎಂದಿದ್ದಾರೆ, ಅದು ಅನ್ನಪಾನನಿರೋಧ. ಐದರಲ್ಲಿ ಮೂರು ಅತಿಚಾರಗಳು ಚಿಕಿತ್ಸೆಯ ಹೆಸರಿನಲ್ಲಿಯೇ ಬಂದಿವೆ! ಹಿರಿಯ ತಾಯಿಯವರ ಅಳುಕು ಆಧಾರವಿಲ್ಲದ್ದಲ್ಲ.

ಸಮಾಧಾನ ನಮ್ಮವರೇ ಆದ ಪೂಜ್ಯಪಾದಾಚಾರ್ಯರಲ್ಲಿದೆ. ಸರ್ವಾರ್ಥಸಿದ್ಧಿಯಲ್ಲಿ, ಪರರಿಗೆ ದುಃಖವನ್ನು ಉಂಟುಮಾಡುವುದರ ಫಲವನ್ನು ವಿವರಿಸುವಾಗ, ಅವರು ಒಬ್ಬ ವೈದ್ಯನ ದೃಷ್ಟಾಂತವನ್ನು ಕೊಡುತ್ತಾರೆ. ಕರುಣಾಳುವಾದ ವೈದ್ಯನು ಮುನಿಯೊಬ್ಬರ ಮೈಮೇಲಿನ ಕುರುವನ್ನು ಕೊಯ್ಯುತ್ತಾನೆ. ಮುನಿಗೆ ನೋವಾಗುವುದು ನಿಜ. ಆದರೆ ವೈದ್ಯನಿಗೆ ಪಾಪಬಂಧವಿಲ್ಲ, ಏಕೆಂದರೆ ಅವನಲ್ಲಿ ಕಷಾಯವಿಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಪ್ರಮಾದವನ್ನೇ ಮೊದಲು ಇಟ್ಟಿದ್ದಾರೆ. ಹಾಗಾದರೆ ಕತ್ತಿಯೊಂದನ್ನೇ ನೋಡಿ ಹಿಂಸೆಯೆನ್ನಲಾಗದು. ಅಷ್ಟೇ ಅಲ್ಲ, ಕತ್ತಿಯಿಲ್ಲದಲ್ಲಿಯೂ ಪ್ರಮಾದವಿದ್ದರೆ ಹಿಂಸೆ ಇದ್ದೀತು.

ಇದಕ್ಕೆ ನನ್ನ ಅನುಭವವೇ ಸಾಕ್ಷಿ. ಸುಮಾರು 25 ವರ್ಷಗಳ ಹಿಂದೆ ನಮ್ಮ ಮಂಡಿಯ ಗೋದಾಮಿನಲ್ಲಿ ಕರಿಯನೆಂಬ ನಾಯಿಯಿತ್ತು. ಒಮ್ಮೆ ಅದು ಹಿಂಗಾಲೆತ್ತಿ ಕುಂಟತೊಡಗಿತು. ತಾನಾಗಿಯೇ ವಾಸಿಯಾದೀತೆಂದು ಸುಮ್ಮನಿದ್ದೆ. ನಿಜವಾಗಿ ಕೆಲವು ವಾರಗಳಲ್ಲಿ ಕುಂಟು ತಗ್ಗಿದಂತೆ ಕಂಡಿತು. ಪಾಪದ ಪ್ರಾಣಿಯೆಂದು ತುಪ್ಪ ಸವರಿದ ರೊಟ್ಟಿ, ಬೆಲ್ಲ, ಗಿರಾಕಿಗಳ ಬಿಸ್ಕತ್ತು ಎಲ್ಲವೂ ಅದಕ್ಕೇ ಸಂದಿತು. ಓಡಾಟವಿಲ್ಲದೆ ತಿಂದು ಕರಿಯ ದುಂಡಗಾಯಿತು. ನೋಡಿದವರು ನಮ್ಮ ಜೀವದಯೆಯನ್ನು ಹೊಗಳಿದರು. ವರ್ಷ ತುಂಬುವುದರೊಳಗೆ ಇನ್ನೊಂದು ಹಿಂಗಾಲೂ ಕುಸಿಯಿತು. ಆಗ ಬಂದ ಪಶುವೈದ್ಯರು ಎರಡು ಮೊಣಕಾಲುಗಳನ್ನೂ ಮುಟ್ಟಿ ನೋಡಿ, ಇಷ್ಟು ಭಾರವನ್ನು ಇದರ ಮೇಲೆ ಯಾರು ಹೊರಿಸಿದರು ಎಂದು ಕೇಳಿದರು. ಅತಿಭಾರಾರೋಪಣವೆಂದರೆ ಎತ್ತಿನ ಗಾಡಿಗೆ ಹೆಚ್ಚು ಮೂಟೆ ಹೇರುವುದೆಂದಷ್ಟೇ ತಿಳಿದಿದ್ದ ನನಗೆ ಅಂದು ಅದರ ಇನ್ನೊಂದು ಅರ್ಥ ತಿಳಿಯಿತು. ಕರಿಯ ಇನ್ನೆರಡು ವರ್ಷ ಬದುಕಿತು. ಗೋದಾಮಿನ ಬಾಗಿಲವರೆಗೂ ತೆವಳಿಕೊಂಡೇ ಬರುತ್ತಿತ್ತು. ಅದಕ್ಕೆ ನಾನು ಆಶ್ರಯವನ್ನು ಕೊಟ್ಟೆ, ಚಿಕಿತ್ಸೆ ಕೊಡಿಸಲಿಲ್ಲ.

ಆದುದರಿಂದ ಅಳತೆಯರಿತು ಊಟ ಹಾಕುವುದನ್ನು ಅನ್ನಪಾನನಿರೋಧವೆಂದು ಎಣಿಸಬೇಕಾಗಿಲ್ಲ. ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನು ನಮ್ಮ ಆಚಾರ್ಯರು ತಪಸ್ಸುಗಳಲ್ಲಿ ಸೇರಿಸಿದ್ದಾರೆ. 2002ರಲ್ಲಿ ಪ್ರಕಟವಾದ ಒಂದು ದೀರ್ಘ ಅಧ್ಯಯನದಲ್ಲಿ 48 ಲ್ಯಾಬ್ರಡಾರ್ ನಾಯಿಗಳಲ್ಲಿ ಅರ್ಧಕ್ಕೆ ಜೊತೆಯ ನಾಯಿಗಿಂತ ಕಾಲುಭಾಗ ಕಡಿಮೆ ಆಹಾರವನ್ನು ಜೀವಮಾನವಿಡೀ ಕೊಟ್ಟರು. ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಕೀಲುಗಳ ಸವೆತವೂ ಅವುಗಳಲ್ಲಿ ತಡವಾಗಿ ಕಾಣಿಸಿಕೊಂಡಿತು. ಹಾಗೆಯೇ ಆರೆಂಟು ವಾರ ನಾಯಿಯನ್ನು ಚಿಕ್ಕ ಕೋಣೆಯಲ್ಲಿರಿಸಿ, ಜಾರುವ ನೆಲಕ್ಕೆ ಚಾಪೆ ಹಾಸಿ, ಮಲಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ನಡೆಸುವುದು ಬಂಧವಲ್ಲ, ಸೇವೆ. ದಿನಕ್ಕೆ ನಾಲ್ಕು ಬಾರಿ ಜೊತೆಗೆ ನಡೆಯುವವರು ಯಾರೆಂದು ಮನೆಯವರು ಮೊದಲೇ ನಿಶ್ಚಯಿಸಬೇಕು. ಈ ಸೇವೆ ನಡೆಯದ ಮನೆಯಲ್ಲಿ ಅತ್ಯುತ್ತಮ ಶಸ್ತ್ರಚಿಕಿತ್ಸೆಯೂ ಕೆಡುತ್ತದೆ.

ಇನ್ನು ಕೊಲ್ಲುವ ಸಲಹೆ. ದುಃಖದಿಂದ ಬಿಡುಗಡೆ ಮಾಡುವೆನೆಂದು ದುಃಖಿಯಾದ ಜೀವವನ್ನು ಕೊಲ್ಲುವುದನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದ್ದಾರೆ. 1928ರಲ್ಲಿ ಗಾಂಧೀಜಿಯವರು ಸಾಬರಮತಿ ಆಶ್ರಮದ ನರಳುವ ಕರುವಿಗೆ ಮರಣದ ಚುಚ್ಚುಮದ್ದು ಕೊಡಿಸಿದಾಗ ನಮ್ಮ ಸಮಾಜದ ಅನೇಕರು ವಿರೋಧಿಸಿದ್ದರು. ಆ ವಾದ ಇಂದಿಗೂ ಮುಗಿದಿಲ್ಲ. ಆದರೆ ಆ ಕರು ವಾಸಿಯಾಗುವ ಆಸೆಯನ್ನೇ ಬಿಟ್ಟ ಸ್ಥಿತಿಯಲ್ಲಿತ್ತು. ಮೊಣಕಾಲು ಕೆಟ್ಟ ನಾಯಿಗೆ ನಾಲ್ಕು ಮಾರ್ಗಗಳಿವೆ. ಹೀಗಿರುವಾಗ ಕೊಲ್ಲುವ ಮಾತನ್ನೆತ್ತುವುದು ದಯೆಯಲ್ಲ, ಅವಸರ.

ಜೀವಂಧರ ಕುಮಾರನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ವಾದೀಭಸಿಂಹರು ಸಂಸ್ಕೃತದಲ್ಲಿ ಹೇಳಿದ ಈ ಚರಿತೆಯನ್ನು ಭಾಸ್ಕರ ಕವಿ 1424ರಲ್ಲಿ ಕನ್ನಡಿಸಿದನು. ಹವಿಸ್ಸನ್ನು ಮುಟ್ಟಿತೆಂದು ಜನ ಹೊಡೆದುರುಳಿಸಿದ ನಾಯಿಯ ಕಿವಿಯಲ್ಲಿ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಕಷ್ಟಕಾಲದಲ್ಲಿ ಅವನ ನೆರವಿಗೆ ಬರುತ್ತದೆ. ಅಲ್ಲಿ ಬದುಕಿಸುವ ದಾರಿ ಉಳಿದಿರಲಿಲ್ಲ, ಆದುದರಿಂದ ಮಂತ್ರ. ಬದುಕಿಸುವ, ನಡೆಸುವ ದಾರಿ ಇರುವಲ್ಲಿ ಮಂತ್ರವೊಂದನ್ನೇ ಹೇಳಿ ಕೈತೊಳೆದುಕೊಳ್ಳುವುದು ಜೀವಂಧರನ ಮಾರ್ಗವೆಂದು ನನಗೆ ತೋರುವುದಿಲ್ಲ.

ವೈದ್ಯರನ್ನು ಕೇಳಬೇಕಾದ ಮಾತುಗಳು

ಜೈನ ಗೃಹಸ್ಥರು ಕೆಲವು ವಿಷಯಗಳನ್ನು ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಬಹುದು. ಕ್ಯಾಟ್‌ಗಟ್ ಎಂಬ ಹೊಲಿಗೆಯ ದಾರ ಪ್ರಾಣಿಗಳ ಕರುಳಿನಿಂದ ಆದದ್ದು. ಬದಲಿಗೆ ಕೃತಕ ದಾರಗಳು ದೊರೆಯುತ್ತವೆ. ಕೀಲುನೋವಿಗೆ ಕೊಡುವ ಗ್ಲೂಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದಲೂ, ಕಾಂಡ್ರಾಯ್ಟಿನ್ ಪ್ರಾಣಿಗಳ ಮೃದ್ವಸ್ಥಿಯಿಂದಲೂ ತಯಾರಾಗುತ್ತವೆ. ಅವುಗಳಿಂದಾಗುವ ಉಪಕಾರಕ್ಕೆ ಬಲವಾದ ಆಧಾರವೂ ಇಲ್ಲ. ಉಗ್ರಾದಿತ್ಯರ ಪರಂಪರೆಯವರು ಇದನ್ನು ವಿಚಾರಿಸಿಯೇ ಕೊಳ್ಳಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ಮನೆಯಲ್ಲೇ ಕೊಡುವುದಂತೂ ಅಪಾಯ. ಐಬುಪ್ರೊಫೇನ್‌ನಂಥ ಮಾತ್ರೆ ನಾಯಿಯ ಜಠರ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು.

ಹಣದ ಮಾತನ್ನೂ ಮುಚ್ಚಿಡಬಾರದು. ಪಟ್ಟಿ ಕೂಡಿಸುವ ಶಸ್ತ್ರಚಿಕಿತ್ಸೆಗೆ ಹತ್ತಾರು ಸಾವಿರ ರೂಪಾಯಿ ಬೇಕು. ಪಳಗಿದ ಕೈ ದೊಡ್ಡ ಊರುಗಳಲ್ಲೇ ಸಿಗುವುದು. ಶಕ್ತಿಯಿಲ್ಲದ ಕುಟುಂಬ ತೂಕ ಇಳಿಸಿ, ವಿಶ್ರಾಂತಿ ಕೊಟ್ಟು, ವೈದ್ಯರ ಔಷಧದಿಂದ ನೋವನ್ನು ತಗ್ಗಿಸಿ ನೋಡಿಕೊಂಡರೆ ಅದೂ ಧರ್ಮವೇ. ಸಾಲ ಮಾಡಲಿಲ್ಲವೆಂದು ನಾಚಬೇಕಾಗಿಲ್ಲ. ಆದರೆ ಶಕ್ತಿಯಿದ್ದು ಕರ್ಮದ ನೆಪ ಹೇಳಿದರೆ ಅದು ನಮ್ಮ ಕರ್ಮವೇ ಆಗುತ್ತದೆ.

ಬಸದಿಗಳ ಟ್ರಸ್ಟುಗಳಲ್ಲಿ ಒಂದು ವಿನಂತಿ. ಅನೇಕ ಬಸದಿಗಳ ಅಂಗಳದಲ್ಲಿ ನಾಯಿಗಳಿವೆ, ಜೀವದಯಾ ನಿಧಿಯೂ ಇದೆ. ಆ ನಿಧಿಯಿಂದ ಅನ್ನ ಹಾಕುವುದರ ಜೊತೆಗೆ, ಕುಂಟುವ ಪ್ರಾಣಿಯನ್ನು ಮೊದಲ ವಾರದಲ್ಲೇ ವೈದ್ಯರಿಗೆ ತೋರಿಸಲೂ, ವಿಶ್ರಾಂತಿಗೊಂದು ಕೋಣೆಯನ್ನು ಒದಗಿಸಲೂ ಒಂದು ಪಾಲನ್ನು ತೆಗೆದಿಡಬಾರದೇ? 1834ರ ವರ್ತಕರು ತೆರೆದ ಖಾತೆಯನ್ನು ಮುಂದುವರಿಸುವ ಕ್ರಮ ಇದೆಂದು ನನ್ನ ಭಾವನೆ.

ಪ್ರಶ್ನೆ ಕೇಳಿದ ಕುಟುಂಬದವರು ಇವೆಲ್ಲವನ್ನೂ ವೈದ್ಯರೊಡನೆ ಚರ್ಚಿಸಿದರು. ನಾಯಿಯ ತೂಕ 38 ಕಿಲೋಗ್ರಾಂ, ವಯಸ್ಸು ಐದು; ಶಸ್ತ್ರಚಿಕಿತ್ಸೆಯೇ ಯೋಗ್ಯವೆಂದು ತೀರ್ಮಾನವಾಯಿತು. ಹಿರಿಯ ತಾಯಿಯವರು ಮೊದಲು ಒಪ್ಪಲಿಲ್ಲ. ಪೂಜ್ಯಪಾದರ ವೈದ್ಯನ ದೃಷ್ಟಾಂತವನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟದ ಅಳತೆ ಮಾತ್ರ ತಮ್ಮ ಕೈಯಲ್ಲಿರಲಿ ಎಂದರಂತೆ. ಈಗ ಹತ್ತು ವಾರಗಳಾಗಿವೆ. ನಾಯಿ ನಾಲ್ಕು ಕಾಲೂರಿ ನಡೆಯುತ್ತಿದೆ, ಓಡಲು ಇನ್ನೂ ಅನುಮತಿಯಿಲ್ಲ. ಇನ್ನೊಂದು ಕಾಲಿನ ಬಗ್ಗೆ ವೈದ್ಯರು ಭರವಸೆ ಕೊಟ್ಟಿಲ್ಲ, ಕೊಡಲೂ ಆಗದು. ತಾಯಿಯವರು ದಿನವೂ ಲೋಟದಲ್ಲಿ ಅಳೆದೇ ಊಟ ಹಾಕುತ್ತಿದ್ದಾರೆ.